ನಕ್ಷೆಯ ಮೂಲೆಯ ಟಿಪ್ಪಣಿಗಳು

ಯಂತ್ರಭಾಗದ ನಕ್ಷೆಯೊಂದನ್ನು ಕೈಗೆತ್ತಿಕೊಂಡವರ ದೃಷ್ಟಿ ಸಹಜವಾಗಿ ನಡುವಣ ಚಿತ್ರದ ಮೇಲೆ ನೆಲೆಸುವುದಲ್ಲದೆ, ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಸಾಲುಗಟ್ಟಿರುವ ಸಾಮಾನ್ಯ ಟಿಪ್ಪಣಿಗಳತ್ತ ಹರಿಯುವುದು ವಿರಳ. ಆದರೆ ಮಾಡಿದವನಿಗೂ ಕೊಂಡವನಿಗೂ ತಕರಾರು ಹುಟ್ಟಿದ ದಿವಸ ಇಬ್ಬರೂ ಬೆರಳಿಟ್ಟು ತೋರಿಸುವುದು ಆ ಮೂಲೆಯನ್ನೇ. 'ಬೇರೆ ರೀತಿಯಲ್ಲಿ ಸೂಚಿಸಿರದಿದ್ದರೆ' ಎಂದು ಮೊದಲಾಗುವ ಆ ವಾಕ್ಯಗಳು, ಪ್ರತಿಯೊಂದು ಗೆರೆಯ ಪಕ್ಕದಲ್ಲಿಯೂ ಬರೆಯಬೇಕಾಗಿದ್ದುದನ್ನು ಒಂದೇ ಕಡೆ ಹೇಳಿ ಮುಗಿಸುವ ಕರಾರುಗಳು. ಇಂಥ ಕರಾರನ್ನು ಹಿಂದಿನ ಹಾಳೆಯಿಂದ ಮುಂದಿನ ಹಾಳೆಗೆ ವಿಚಾರಿಸದೆ ನಕಲಿಳಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ಅದನ್ನು ಕಿತ್ತೊಗೆಯತಕ್ಕ ಕಾಲ ಬಂದಿದೆಯೆಂದು ನನ್ನ ಅಭಿಪ್ರಾಯ.

ಘಟಪ್ರಭೆಯ ಸೀಮೆಗೆ ಈ ವಿಚಾರ ಪರಕೀಯವಾದುದಲ್ಲ. ನದಿಯು 52 ಮೀಟರು ಕೆಳಕ್ಕೆ ಧುಮುಕುವ ಗೋಕಾಕ ಫಾಲ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ನೀರಿನ ಬಲವನ್ನು ನಂಬಿ ನೂಲಿನ ಗಿರಣಿ ತಲೆಯೆತ್ತಿತು. ಆ ಕಾಲದ ಗಿರಣಿಯಂತ್ರಗಳ ಭಾಷೆ ಅಂಗುಲದ್ದು. ಅವುಗಳ ಬೋಲ್ಟು-ನಟ್ಟುಗಳ ಹಿಂದೆ ಇದ್ದುದು 1841ರಲ್ಲಿ ಜೋಸೆಫ್ ವಿಟ್‌ವರ್ತ್ ಮುಂದಿಟ್ಟ 55 ಅಂಶ ಕೋನದ ಮರೆಸುತ್ತು (ಸ್ಕ್ರೂ ಥ್ರೆಡ್). ಭಾರತವು 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಮೆಟ್ರಿಕ್ ಮರೆಸುತ್ತಿನ ಕೋನವಾದರೋ 60 ಅಂಶ. ಅರ್ಧ ಅಂಗುಲದ ಹಳೆಯ ಬೋಲ್ಟಿಗೆ ಅಂಗುಲಕ್ಕೆ 12 ಸುತ್ತು, ಅಂದರೆ ಸುತ್ತಿನಿಂದ ಸುತ್ತಿಗೆ ಎರಡು ಮಿಲಿಮೀಟರಿಗೂ ಹೆಚ್ಚು. 12 ಮಿಲಿಮೀಟರಿನ ಮೆಟ್ರಿಕ್ ಬೋಲ್ಟಿಗೆ 1.75 ಮಾತ್ರ. ಎರಡೂ ನೋಟಕ್ಕೆ ಸೋದರರಂತೆ ಕಂಡರೂ ಒಂದರ ನಟ್ಟು ಇನ್ನೊಂದಕ್ಕೆ ಕೂಡುವುದಿಲ್ಲ. ಮರೆಸುತ್ತು ಯಾವ ಪದ್ಧತಿಯದೆಂಬ ಒಂದು ಸಾಲು ನಕ್ಷೆಯಲ್ಲಿದ್ದರೆ ಲೇತಿನ ಮುಂದೆ ನಿಂತವನು ಊಹೆಗೆ ಕೈಹಾಕಬೇಕಾಗುವುದಿಲ್ಲ.

ಈಗ ಅದೇ ಸೀಮೆಯ ಹುಕ್ಕೇರಿ ತಾಲೂಕಿನಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಬದಿಯ ಹತ್ತರಗಿಯಲ್ಲಿ, ಈಕ್ವಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದ್ದು, ಅಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳ ಭಾಗಗಳು ಸಿದ್ಧವಾಗುತ್ತವೆ. ಇಂಥ ಕಾರ್ಖಾನೆಗೆ ಎರಡು ಖಂಡಗಳ ನಕ್ಷೆಗಳು ಬರುತ್ತವೆ. ಯೂರೋಪಿನಲ್ಲಿ ಸಾಮಾನ್ಯವಾಗಿ, ನಮ್ಮ ಭಾರತೀಯ ಮಾನಕದಲ್ಲಿಯೂ, ಪ್ರಥಮ ಕೋನ ಪ್ರಕ್ಷೇಪ. ಅಮೆರಿಕದಲ್ಲಿ ತೃತೀಯ ಕೋನ. ಮೂಲೆಯ ಚಿಹ್ನೆಯನ್ನು ಗಮನಿಸದೆ ಓದಿದವನು ಎಡಗಡೆಯ ಬ್ರ್ಯಾಕೆಟ್ಟನ್ನು ಬಲಗಡೆಯದನ್ನಾಗಿ ಮಾಡಿಟ್ಟಾನು, ಅದೂ ಎಲ್ಲ ಅಳತೆಗಳೂ ಕರಾರುವಾಕ್ಕಾಗಿರುವಂತೆ!

ಟಿಪ್ಪಣಿಯ ಅಭಾವ ಎಂಥ ಅನರ್ಥವನ್ನು ತರುವುದೆಂಬುದಕ್ಕೆ ಲೇಪನದ ವಿಷಯಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು. 25 ಮಿಲಿಮೀಟರಿನ ರಂಧ್ರದಲ್ಲಿ ಅದೇ ಗಾತ್ರದ ಶಾಫ್ಟು ಸರಾಗವಾಗಿ ತಿರುಗಬೇಕೆಂದಿರಲಿ. ಎಚ್-7, ಜಿ-6 ಎಂಬ ಪ್ರಸಿದ್ಧ ಜೋಡಣೆಯ ಪ್ರಕಾರ ರಂಧ್ರವು 21 ಮೈಕ್ರಾನಿನವರೆಗೆ ದೊಡ್ಡದಾಗಿರಬಹುದು, ಶಾಫ್ಟು 7ರಿಂದ 20 ಮೈಕ್ರಾನಿನಷ್ಟು ಸಣ್ಣದಾಗಿರಬೇಕು. ಅತ್ಯಂತ ಉದಾರವಾಗಿ ಲೆಕ್ಕಹಾಕಿದರೂ ನಡುವಣ ತೆರಪು 41 ಮೈಕ್ರಾನು. ಶಾಫ್ಟಿನ ಮೈಗೆ 25 ಮೈಕ್ರಾನು ದಪ್ಪದ ಕ್ರೋಮ್ ಲೇಪನವಾಗಲೆಂದು ನಕ್ಷೆ ಹೇಳುತ್ತದೆ. ಆದರೆ ಕೊಟ್ಟ ಅಳತೆ ಲೇಪನಕ್ಕೆ ಮೊದಲಿನದೋ ಅನಂತರದ್ದೋ ಎಂಬುದನ್ನು ಹೇಳುವುದಿಲ್ಲ. ಟರ್ನರನು ಅಳತೆಗೆ ಸರಿಯಾಗಿ ಕಡೆದು ಕೊಟ್ಟನು, ಲೇಪನದವನು ದಪ್ಪಕ್ಕೆ ಸರಿಯಾಗಿ ಬಳಿದನು. ಎರಡು ಬದಿಗೂ ಸೇರಿ ವ್ಯಾಸವು 50 ಮೈಕ್ರಾನು ಬೆಳೆದು, ಶಾಫ್ಟು ರಂಧ್ರದ ಬಾಯಿಯಲ್ಲಿಯೇ ನಿಂತಿತು. ತಪ್ಪಿತಸ್ಥರು ಯಾರು? ಇಬ್ಬರೂ ಅಲ್ಲ, 'ಅಳತೆಗಳು ಲೇಪನಾನಂತರದವು' ಎಂಬ ಒಂದು ಸಾಲನ್ನು ಬರೆಯದೆ ಹೋದ ಮೂರನೆಯವನು.

ಇಲ್ಲದ ಟಿಪ್ಪಣಿಯ ಹಾನಿ ಇಂತಾದರೆ, ಸಲ್ಲದ ಟಿಪ್ಪಣಿಯ ಹಾನಿ ಇನ್ನೂ ಗೂಢವಾದುದು. 'ಎಲ್ಲ ಚೂಪು ಅಂಚುಗಳನ್ನು ಮುರಿಯಿರಿ, ಬರ್ ತೆಗೆಯಿರಿ' ಎಂಬುದು ಪ್ರತಿಯೊಂದು ಹಾಳೆಯ ಮೇಲೂ ಮಂತ್ರದಂತೆ ಅಚ್ಚಾಗಿರುತ್ತದೆ. ಎಷ್ಟು ಮುರಿಯಬೇಕು? ಒಬ್ಬನು ಅರದಿಂದ ಒಮ್ಮೆ ಸವರಿ ಬಿಡುತ್ತಾನೆ, ಇನ್ನೊಬ್ಬನು ಒಂದು ಮಿಲಿಮೀಟರು ಚೇಂಫರ್ ಹೊಡೆಯುತ್ತಾನೆ. ಇಬ್ಬರೂ ಟಿಪ್ಪಣಿಯನ್ನು ಪಾಲಿಸಿದವರೇ. ಬೆಳಗಾವಿಯು ಹೆಸರಾಗಿರುವ ಹೈಡ್ರಾಲಿಕ್ ವಾಲ್ವುಗಳಲ್ಲಿಯಂತೂ ಸ್ಪೂಲಿನ ಅಂಚು ಚೂಪಾಗಿರುವುದರಿಂದಲೇ ಎಣ್ಣೆಯ ಹರಿವು ಹಿಡಿತದಲ್ಲಿರುವುದು. ಆ ಅಂಚನ್ನು ಟಿಪ್ಪಣಿಯ ಮಾತು ಕೇಳಿ ಮುರಿದ ವಿಧೇಯ ಫಿಟ್ಟರನು ವಾಲ್ವನ್ನೇ ಕೊಂದಂತಾಯಿತು. ಬರ್ ಇರಕೂಡದು, ಅಂಚು ಚೂಪಾಗಿಯೇ ಇರಬೇಕು. ಮಿಕ್ಕ ಅಂಚುಗಳು 0.2ರಿಂದ 0.5 ಮಿಲಿಮೀಟರು. ಹೀಗೆ ಬರೆಯಲು ಅರ್ಧ ನಿಮಿಷ ಸಾಕು, ಆದರೆ ಆ ಭಾಗದ ಕೆಲಸವೇನೆಂಬುದು ಬರೆಯುವವನಿಗೆ ಗೊತ್ತಿರಬೇಕು. ನಕಲು ಮಾಡುವವನಿಗೆ ಗೊತ್ತಿರುವುದಿಲ್ಲ; ರೋಗದ ಮೂಲವೇ ಇದು.

'ಎರಕವು ದೋಷರಹಿತವಾಗಿರತಕ್ಕದ್ದು', 'ಕೆಲಸವು ಉತ್ತಮ ದರ್ಜೆಯದಾಗಿರಬೇಕು' ಎಂಬಂಥವು ಮೂರನೆಯ ಜಾತಿಗೆ ಸೇರಿದವು. ಗೋಕಾಕದ ಕರದಂಟಿನ ಪಾಕವು ಹದವಾಗಿರಲೆಂದರೆ ಮಿಠಾಯಿಯವನ ಕೈಗೆ ತಿಳಿದೀತು, ತಿಂದವರು ತಲೆದೂಗಿದರೆ ವ್ಯವಹಾರ ಮುಗಿಯಿತು; ಆದರೆ ಎರಕಕ್ಕೆ ತಲೆದೂಗುವ ಇನ್‌ಸ್ಪೆಕ್ಟರನು ಇಲ್ಲ. ಸೂಕ್ಷ್ಮದರ್ಶಕದ ಕೆಳಗೆ ದೋಷವಿಲ್ಲದ ಎರಕ ಸಿಗುವುದೇ ದುರ್ಲಭ. ಯಾವ ಮೈಯಲ್ಲಿ, ಎಷ್ಟು ವ್ಯಾಸದ, ಎಷ್ಟು ಗಾಳಿಗುಳಿಗಳು ಸಹ್ಯವೆಂದು ಹೇಳದ ಟಿಪ್ಪಣಿಯು ಮಾಲು ಬೇಡವಾದ ದಿವಸ ಅದನ್ನು ಹಿಂದಕ್ಕೆ ಕಳುಹಲು ಕೊಳ್ಳುವವನಿಗೆ ನೆಪವಾಗುವುದಲ್ಲದೆ ಮತ್ತಾವ ಉಪಯೋಗಕ್ಕೂ ಬಾರದು.

ಟಿಪ್ಪಣಿಗಳು ಹೆಚ್ಚಿದಷ್ಟೂ ಕ್ಷೇಮವೆಂದು ವಾದಿಸುವವರುಂಟು. ಅವರು ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಕಬ್ಬಿನ ಸೀಮೆಯನ್ನು ನೆನೆಯಲಿ. ಟ್ರ್ಯಾಕ್ಟರಿನ ಟ್ರೇಲರಿಗೆ 100 ಮಿಲಿಮೀಟರಿನ ಒಂದು ಪಟ್ಟಿ ಕತ್ತರಿಸಬೇಕಾದಾಗ, ಭಾರತೀಯ ಮಾನಕ 2102ರ ಸ್ಥೂಲ ವರ್ಗವು ಎರಡು ಕಡೆಗೂ 0.8 ಮಿಲಿಮೀಟರಿನ ವಿನಾಯಿತಿಯನ್ನು ಕೊಡುತ್ತದೆ, ಮಧ್ಯಮ ವರ್ಗವು 0.3, ಸೂಕ್ಷ್ಮ ವರ್ಗವು 0.15 ಮಾತ್ರ. ನಕಲಿನ ಹಾಳೆಯಲ್ಲಿ ಸೂಕ್ಷ್ಮ ವರ್ಗವಿದ್ದುದರಿಂದ ಈ ಪಟ್ಟಿಗೂ ಅದೇ ಬಂತು. ವೆಲ್ಡಿಂಗ್ ಶೆಡ್ಡಿನವನು ಅದನ್ನು ಪಾಲಿಸಲಾರನು, ಪಾಲಿಸಬೇಕಾದುದೂ ಇಲ್ಲ. ಕೊಂಡವನೂ ಅಳೆದು ನೋಡನು. ಹೀಗೆ ಒಂದು ಟಿಪ್ಪಣಿಯನ್ನು ಉಪೇಕ್ಷಿಸಿ ಅಭ್ಯಾಸವಾದ ಕಣ್ಣು, ಅದರ ಕೆಳಗೇ ಇರುವ ವೆಲ್ಡಿನ ಗಾತ್ರದ ಅತ್ಯಗತ್ಯ ಟಿಪ್ಪಣಿಯನ್ನೂ ಉಪೇಕ್ಷಿಸುತ್ತದೆ. ಹೇರು ಹೊತ್ತ ಟ್ರೇಲರು ನಿಂತಿರುವುದು ಆ ವೆಲ್ಡಿನ ಮೇಲೆ.

ನಮ್ಮ ಐಟಿಐ, ಡಿಪ್ಲೊಮಾ ತರಗತಿಗಳಲ್ಲಿ ಬಿಂದು, ರೇಖೆ, ಘನಗಳ ಪ್ರಕ್ಷೇಪಕ್ಕೆ ಸಲ್ಲುವ ಗೌರವದ ಲೇಶಾಂಶವೂ ಈ ಮೂಲೆಗೆ ಸಲ್ಲುತ್ತಿಲ್ಲ. ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ವರ್ಷಕ್ಕೊಮ್ಮೆಯಾದರೂ ಕಾರ್ಖಾನೆಯ ನಿಜವಾದ ನಕ್ಷೆಯೊಂದನ್ನು ವಿದ್ಯಾರ್ಥಿಗಳ ಮುಂದಿಟ್ಟು, ಪ್ರತಿಯೊಂದು ಟಿಪ್ಪಣಿಯನ್ನೂ ಯಾವ ಉಪಕರಣದಿಂದ, ಯಾವ ಹಂತದಲ್ಲಿ ಪರೀಕ್ಷಿಸುವಿರೆಂದು ಕನ್ನಡದಲ್ಲಿ ಉತ್ತರ ಬರೆಯಿಸಿರಿ; ಉತ್ತರವಿಲ್ಲದ ಟಿಪ್ಪಣಿಯ ಮೇಲೆ ಅವರ ಕೈಯಿಂದಲೇ ಕೆಂಪು ಗೆರೆ ಎಳೆಯಿಸಿರಿ.