‘ನೈಸ್’ ಪದದ ಅರ್ಥಯಾತ್ರೆ: ನಿಷ್ಪತ್ತಿಯೋ, ಪ್ರಯೋಗವೋ?

ಪದವೊಂದರ ನಿಷ್ಪತ್ತಿ ತಿಳಿದರೆ ಅದರ ನಿಜಾರ್ಥವೇ ತಿಳಿದಂತೆ ಎಂಬ ನಂಬಿಕೆ ನಮ್ಮ ಸಂಶೋಧನೆಯಲ್ಲಿ ಇನ್ನೂ ಬಲವಾಗಿದೆ. ಶಾಸನದಲ್ಲೋ ಕಾವ್ಯದಲ್ಲೋ ಕ್ಲಿಷ್ಟ ಪದ ಎದುರಾದಾಗ ಧಾತುವನ್ನು ಹಿಡಿದು ಅರ್ಥ ನಿರ್ಣಯಿಸುವವರಿದ್ದಾರೆ. ಈ ವಿಧಾನದ ಮಿತಿಯನ್ನು ಅರಿಯಲು ಇಂಗ್ಲಿಷಿನ ‘ನೈಸ್’ ಎಂಬ ನಿತ್ಯಬಳಕೆಯ ಪದ ಉತ್ತಮ ನಿದರ್ಶನ.

ಇಂದು ‘ಚೆನ್ನಾದ, ಹಿತವಾದ’ ಎಂಬ ಅರ್ಥವುಳ್ಳ ಈ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ಎಂದರೆ ಅರಿಯದವನು, ಅಜ್ಞ. ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ವೇಳೆಗೆ ಇಂಗ್ಲಿಷನ್ನು ಹೊಕ್ಕಾಗ ಅದರ ಅರ್ಥ ‘ಮೂಢ’. ಅನಂತರ ಅದು ‘ಅತಿ ನಾಜೂಕಿನ’, ‘ಸೂಕ್ಷ್ಮವಾದ’, ‘ಕರಾರುವಾಕ್ಕಾದ’ ಎಂಬ ಅರ್ಥಗಳನ್ನು ಪಡೆಯಿತು. ‘ಹಿತವಾದ’ ಎಂಬುದು 18ನೆಯ ಶತಮಾನದ ಉತ್ತರಾರ್ಧದಲ್ಲಿ ಬಂದುದು. ಸೂಕ್ಷ್ಮಭೇದವನ್ನು ‘ನೈಸ್ ಡಿಸ್ಟಿಂಕ್ಷನ್’ ಎನ್ನುವಲ್ಲಿ ನಡುಗಾಲದ ಅರ್ಥ ಇಂದಿಗೂ ಉಳಿದಿದೆ.

ಜೇನ್ ಆಸ್ಟಿನ್ ಅವರ ‘ನಾರ್ಥ್ಯಾಂಗರ್ ಅಬ್ಬೆ’ (1817) ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಎಂಬ ಪಾತ್ರ ಈ ಪದದ ಅತಿಬಳಕೆಯನ್ನು ಗೇಲಿಮಾಡುತ್ತದೆ. ಮೂಲತಃ ಅದು ಬಹುಶಃ ಅಚ್ಚುಕಟ್ಟುತನ, ನಯಗಳನ್ನಷ್ಟೇ ಸೂಚಿಸುತ್ತಿತ್ತೆಂಬುದು ಟಿಲ್ನಿಯ ಊಹೆ. ಆದರೆ ಅವನು ಮೂಲವೆಂದು ಭಾವಿಸಿದ್ದು ನಡುವಣ ಒಂದು ಹಂತ ಮಾತ್ರ. ಇನ್ನೂ ಹಿಂದೆ ಸರಿದಿದ್ದರೆ ‘ಮೂಢ’ನೇ ಎದುರಾಗುತ್ತಿದ್ದ. ಮೂಲವೇ ಪ್ರಮಾಣವೆನ್ನುವವರು ಯಾವ ಹಂತದಲ್ಲಿ ನಿಲ್ಲಬೇಕು?

ಇದು ಇಂಗ್ಲಿಷಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಕನ್ನಡದಲ್ಲಿ ನಿಷ್ಕಪಟಿ ಎಂಬರ್ಥದಲ್ಲಿ ಬಳಕೆಯಾಗುವ ‘ಮುಗ್ಧ’ ಶಬ್ದವು, ದಿಗ್ಭ್ರಮೆಗೊಂಡ, ಮಂದಮತಿ ಎಂಬ ಅರ್ಥಗಳಿದ್ದ ಸಂಸ್ಕೃತ ಶಬ್ದವೇ ಆಗಿದೆ. ‘ದೇವಾನಾಂಪ್ರಿಯ’ದ ದಾರಿ ಇದಕ್ಕೆ ವಿರುದ್ಧ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನದಲ್ಲಿ ಅದು ಅಶೋಕನ ಗೌರವದ ಬಿರುದು. ಮುಂದಿನ ಸಂಸ್ಕೃತ ವೈಯಾಕರಣರಲ್ಲಿ ಅದಕ್ಕೆ ಮೂರ್ಖನೆಂಬ ಅರ್ಥವೂ ಸೇರಿತು. ನಂತರದ ಅರ್ಥವನ್ನು ಶಾಸನಕ್ಕೆ ಹೇರುವುದು ಎಷ್ಟು ಅಸಂಗತವೋ, ಧಾತ್ವರ್ಥವನ್ನು ನಂತರದ ಕೃತಿಗೆ ಹೇರುವುದೂ ಅಷ್ಟೇ ಅಸಂಗತ.

ನಿಷ್ಪತ್ತಿಶಾಸ್ತ್ರ ನಿರರ್ಥಕವೆಂಬುದು ಇಲ್ಲಿಯ ವಾದವಲ್ಲ. ಅದು ಪದದ ಹುಟ್ಟನ್ನು ಹೇಳುತ್ತದೆ. ಬಾಳನ್ನು ಹೇಳುವುದು ಪ್ರಯೋಗ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಅರ್ಥಗಳೊಂದಿಗೆ ಪ್ರಯೋಗಗಳನ್ನೂ ಕೊಟ್ಟಿರುವುದು ಇದಕ್ಕಾಗಿಯೇ. ಆದರೂ ನಮ್ಮಲ್ಲಿ ಅನೇಕರು ಅರ್ಥವನ್ನಷ್ಟೇ ಎತ್ತಿಕೊಂಡು ಪ್ರಯೋಗಗಳನ್ನು ದಾಟಿ ಹೋಗುತ್ತೇವೆ. ಕೃತಿಯೊಂದರ ಪದಕ್ಕೆ ಅರ್ಥ ಹೇಳುವ ಮುನ್ನ ಅದೇ ಕಾಲದ ಇತರ ಪ್ರಯೋಗಗಳನ್ನು ಕಲೆಹಾಕಿ ನೋಡುವುದು ಸಂಶೋಧಕನ ಮೊದಲ ಕರ್ತವ್ಯ. ಧಾತುವಿನ ವಿಚಾರ ಅನಂತರದ್ದು.