ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು
ಹದ್ದು ನೀಹಾರಿಕೆಯ ಚಿತ್ರವೊಂದನ್ನು ಈ ವಾರ ನೋಡಿದ ಗೆಳೆಯರೊಬ್ಬರು, ‘ಇದೆಲ್ಲ ಕಂಪ್ಯೂಟರಿನಲ್ಲಿ ಬಳಿದ ಬಣ್ಣ’ ಎಂದು ತಳ್ಳಿಹಾಕಿದರು. ನಾನು ಒಪ್ಪಲಾರೆ. 1995ರಲ್ಲಿ ಹಬಲ್ ದೂರದರ್ಶಕ ಅಲ್ಲಿನ ‘ಸೃಷ್ಟಿಯ ಸ್ತಂಭ’ಗಳನ್ನು ಸೆರೆಹಿಡಿದಾಗ ಗಂಧಕದ ಬೆಳಕಿಗೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟರು. ಜಲಜನಕದ್ದು 656 ನ್ಯಾನೊಮೀಟರ್, ಗಂಧಕದ್ದು 672ರ ಆಸುಪಾಸು. ಕಣ್ಣಿಗೆ ಎರಡೂ ಕೆಂಪೇ. ಹಾಗೇ ಬಿಟ್ಟರೆ ಯಾವ ಅನಿಲ ಎಲ್ಲಿದೆ ಎಂಬುದೇ ತಿಳಿಯದು. ಭೂಪಟದಲ್ಲಿ ಬೆಟ್ಟಕ್ಕೆ ಕಂದು ಬಳಿದರೆ ಯಾರೂ ಮೋಸ ಎನ್ನುವುದಿಲ್ಲವಲ್ಲ! ನನ್ನ ತಕರಾರು ಬೇರೆ ಕಡೆ ಇದೆ. ಜಲಜನಕದ ಬೆಳಕು ಸಾಮಾನ್ಯವಾಗಿ ಮಿಕ್ಕೆರಡಕ್ಕಿಂತ ಬಹಳ ಪ್ರಬಲ. ಮೂರನ್ನೂ ಇದ್ದಂತೆ ಬೆರೆಸಿದರೆ ಚಿತ್ರವೆಲ್ಲ ಹಸಿರು. ಅದಕ್ಕೇ ಗಂಧಕ, ಆಮ್ಲಜನಕದ ಪದರಗಳನ್ನು ಹೆಚ್ಚು ಬೆಳಗಿಸಿ ಹಸಿರನ್ನು ಇಳಿಸುತ್ತಾರೆ. ಆಗ ಹೊಂಬಣ್ಣ, ನೀಲಿ ಮೇಲೇಳುತ್ತವೆ. ನಕ್ಷತ್ರಗಳ ಸುತ್ತ ಉಳಿಯುವ ನೇರಳೆ ಅಂಚನ್ನೂ ತೆಗೆಯುತ್ತಾರೆ. ಇಷ್ಟು ಸರಿ. ಆದರೆ ಮಸುಕಾದ ಆಮ್ಲಜನಕದ ಪದರದಲ್ಲಿನ ಕಾಳುಕಾಳನ್ನು ತಂತ್ರಾಂಶದಿಂದ ನುಣುಪಾಗಿಸುವಾಗ ಆಕಾಶದಲ್ಲಿಲ್ಲದ ಎಳೆಯೊಂದು ಹುಟ್ಟಿಕೊಳ್ಳಬಹುದು, ಮೋಸ ಎನ್ನುವುದಾದರೆ ಅದನ್ನೇ ಎನ್ನಬೇಕು. ಹಾಗಾಗಿ ಮೂರೂ ಅನಿಲಗಳ ಬೆಳಕನ್ನು ಬೇರೆಬೇರೆಯಾಗಿ ಹಿಡಿಯುವ ಫಿಲ್ಟರುಗಳ ಕಪ್ಪು-ಬಿಳುಪು ಮೂಲವನ್ನು ಬಣ್ಣದ ಚಿತ್ರದ ಪಕ್ಕದಲ್ಲೇ ಕೊಡುವ ಛಾಯಾಗ್ರಾಹಕರ ಮೇಲೆ ನನಗೆ ಹೆಚ್ಚು ಭರವಸೆ. ಆ ಎಳೆ ಮೂಲದಲ್ಲಿ ಇತ್ತೇ ಎಂದು ಯಾರು ಬೇಕಾದರೂ ಹೋಲಿಸಿ ನೋಡಬಹುದು.