ಕುಂಡಕ್ಕೆ ಗಾಲಿ ಇದೆ, ಹೊಲಕ್ಕಿಲ್ಲ

ಟೊಮೆಟೊ ಬೆಲೆ ಏರಿದಾಗಲೆಲ್ಲ ಅದರ ಜೊತೆಗೇ ಒಂದು ಪುಕ್ಕಟೆ ಉಪದೇಶವೂ ಬರುತ್ತದೆ: ‘ಮನೆಯಲ್ಲೇ ಬೆಳೆದುಕೊಳ್ಳಿ.’ 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿ ದಾಟಿದಾಗ ವಾಟ್ಸಾಪ್ ತುಂಬ ಇದೇ ಮಾತು. ನಾನೂ ನಂಬಿದೆ. ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಐದು ಕುಂಡ ಇಟ್ಟೆ. ಈಗಲೂ ಬೆಳೆಯುತ್ತಿದ್ದೇನೆ. ಆ ಅನುಭವದಿಂದಲೇ ಹೇಳುತ್ತೇನೆ: ಬೆಲೆ ಏರಿಕೆಗೆ ಇದು ಪರಿಹಾರವಲ್ಲ, ಬೆಳೆಯುವವನನ್ನು ಹಗುರವಾಗಿ ಕಾಣುವ ಮಾತು.

ಟೊಮೆಟೊ ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನಮ್ಮ ಬಾಲ್ಕನಿಗೆ ಎದುರು ಕಟ್ಟಡ ಬಿಟ್ಟುಕೊಟ್ಟಷ್ಟೇ ಬಿಸಿಲು. ಹಾಗಾಗಿ ಕುಂಡಗಳನ್ನು ಗಾಲಿಯ ಹಲಗೆಗಳ ಮೇಲೆ ಕೂರಿಸಿದೆ. ಬೆಳಿಗ್ಗೆ ಎಡಕ್ಕೆ, ರಜೆಯಿದ್ದರೆ ಮಧ್ಯಾಹ್ನ ಬಲಕ್ಕೆ. ಗೋಡೆಗೆ ತೇವ ಹಿಡಿದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದಾಗಿ ಮನೆ ಮಾಲೀಕರು ಹೇಳಿದ್ದರು. ಅದಕ್ಕೆ ಅಡಿಯಲ್ಲಿ ತಟ್ಟೆ. ಹಬ್ಬಕ್ಕೆಂದು ಮೂರು ದಿನ ಊರಿಗೆ ಹೋಗಿ ಬಂದರೆ ಗಿಡ ಬಾಡಿತ್ತು. ಗಾಬರಿಯಾಗಿ ನೀರು ಸುರಿದೆ. ನೀರು ಹೀಗೆ ಏರುಪೇರಾದರೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪುವುದಿಲ್ಲ. ತಳ ಕಪ್ಪಾಗಿ ಕೊಳೆಯುತ್ತದೆ. ಬಿಳಿನೊಣ ತಂದ ಎಲೆಮುರುಟು ರೋಗಕ್ಕೆ ಒಂದು ಗಿಡವನ್ನು ಕಿತ್ತೇ ಹಾಕಬೇಕಾಯಿತು.

ಲೆಕ್ಕ ಇಷ್ಟು. ಕುಂಡ, ಮಣ್ಣು, ಗೊಬ್ಬರ, ಸಸಿಗೆ ಸುಮಾರು 1,400 ರೂಪಾಯಿ. ಕೈಗೆ ಬಂದಿದ್ದು ನಾಲ್ಕು ಕಿಲೋ. ನನ್ನ ಕೂಲಿ ಬಿಟ್ಟೂ ಕಿಲೋಗೆ 350. ಅದೇ ವಾರ ತಳ್ಳುಗಾಡಿಯವರು 40 ಹೇಳಿದಾಗ ‘30ಕ್ಕೆ ಕೊಡಿ’ ಎಂದು ಚೌಕಾಸಿ ಮಾಡಿದವನೂ ನಾನೇ.

‘ಕುಂಡ ಮುಂದಿನ ಬೆಳೆಗೂ ಬರುತ್ತದಲ್ಲ?’ ಎನ್ನಬಹುದು. ಬರುತ್ತದೆ. ಆದರೆ ನಾಲ್ಕು ಕಿಲೋ ಒಂದು ಸಣ್ಣ ಸಂಸಾರದ ಒಂದು ತಿಂಗಳ ಸಾರಿಗೂ ಸಾಲದು. ಬಾಲ್ಕನಿಯೂ ಇಲ್ಲದ ಒಂಟಿ ಕೋಣೆಯ ಮನೆಗಳಲ್ಲಿ ಇರುವವರಿಗೆ ಈ ಉಪದೇಶ ಏನು ಹೇಳುತ್ತದೆ?

ಇನ್ನು ಕೋಲಾರದ ಕಡೆ ನೋಡಿ. ಅಲ್ಲಿನ ರೈತ ಸಸಿ ತಂದು, ಕೋಲು ನೆಟ್ಟು, ದಾರ ಕಟ್ಟಿ, ಹನಿ ನೀರಾವರಿ ಹಾಕಿ, ಔಷಧಿ ಹೊಡೆದು, ಕೂಲಿ ಕೊಟ್ಟು ಬಿಡಿಸಿ, 15 ಕಿಲೋ ಬಾಕ್ಸುಗಳಲ್ಲಿ ಮಂಡಿಗೆ ತರುತ್ತಾನೆ. ಬೆಲೆ ಅವನ ಕೈಯಲ್ಲಿಲ್ಲ, ಹರಾಜಿನಲ್ಲಿದೆ. ಕುಸಿದರೆ ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಉಳಿಯುತ್ತದೆ, ಇಲ್ಲವೇ ರಸ್ತೆಗೆ ಬೀಳುತ್ತದೆ. ಆಲಿಕಲ್ಲು ಬಿದ್ದಾಗ ನಾನು ನನ್ನ ಐದು ಗಿಡಗಳನ್ನು ಹಾಲಿನೊಳಗೆ ತಳ್ಳಿಕೊಂಡೆ. ಮನೆ ಬದಲಿಸಿದರೆ ಟೆಂಪೋದಲ್ಲಿ ಹಾಕಿಕೊಂಡು ಹೋಗುತ್ತೇನೆ. ಅವನು ಎರಡೆಕರೆಯನ್ನು ಎಲ್ಲಿಗೆ ತಳ್ಳಿಕೊಂಡು ಹೋಗಬೇಕು?

ಈ ವ್ಯತ್ಯಾಸ ಮರೆತು ನಾವು ಬಾಲ್ಕನಿಯ ಫೋಟೋ ಕೆಳಗೆ ‘ನಾನೂ ರೈತ’ ಎಂದು ಬರೆಯುತ್ತೇವೆ. ಮಣ್ಣಿನ ವಾಸನೆಯ ಬಗ್ಗೆ ಕವಿತೆ ಕಟ್ಟುತ್ತೇವೆ. ನಮ್ಮ ಬೆಳೆ ಹೋದರೆ ಒಂದು ಹವ್ಯಾಸ ಹೋಯಿತು; ಅವನ ಬೆಳೆ ಹೋದರೆ ಸಾಲ ಉಳಿಯಿತು. ಇದನ್ನು ಮುಚ್ಚಿಡುವ ಕವಿತೆ ಎಷ್ಟೇ ಚೆನ್ನಾಗಿದ್ದರೂ ಅಪ್ರಾಮಾಣಿಕವೇ.

2023ರಲ್ಲಿ ಬೆಲೆ ಏರಿದಾಗ ಕೇಂದ್ರ ಸರ್ಕಾರ ಹಲವು ನಗರಗಳಲ್ಲಿ ರಿಯಾಯಿತಿ ದರಕ್ಕೆ ಟೊಮೆಟೊ ಮಾರಿಸಿತು. ಕೊಳ್ಳುವವರ ಕಷ್ಟ ಸುಳ್ಳಲ್ಲ, ಆ ಕಾಳಜಿ ತಪ್ಪೂ ಅಲ್ಲ. ಬೆಲೆ ಬಿದ್ದಾಗಲೂ ಅದೇ ಆತುರ ಕಾಣಲಿ ಎಂಬುದಷ್ಟೇ ನನ್ನ ತಕರಾರು. ‘ಮನೆಯಲ್ಲೇ ಬೆಳೆಯಿರಿ’ ಎಂದವರು ಆಗ ‘ಒಂದು ಕಿಲೋ ಜಾಸ್ತಿ ಕೊಳ್ಳಿ’ ಎಂದದ್ದನ್ನು ನಾನಂತೂ ಕೇಳಿಲ್ಲ.

ಹಾಗಾದರೆ ಕುಂಡ ಬೇಡವೇ? ಖಂಡಿತ ಬೇಕು. ನನ್ನ ಮಗಳು ಹೂವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಪರಾಗ ಉದುರಿಸುವುದನ್ನು ಕಲಿತದ್ದು ಅಲ್ಲೇ. ಒಂದು ಹಣ್ಣಿನ ಹಿಂದೆ ಎಷ್ಟು ದಿನದ ಕೆಲಸವಿದೆ ಎಂದು ನನಗೆ ಗೊತ್ತಾದದ್ದೂ ಅಲ್ಲೇ. ಕಲಿಯುವುದಕ್ಕೆ ಬೆಳೆಯಿರಿ, ರುಚಿಗೆ ಬೆಳೆಯಿರಿ. ಮುಂದಿನ ಸಲ ಬೆಲೆ ಏರಿದಾಗ ಮಾತ್ರ ಅದನ್ನು ರೈತನಿಗೆ ಕೊಡುವ ಉತ್ತರವಾಗಿ ಹಿಡಿಯಬೇಡಿ. ನಾನಂತೂ ತಳ್ಳುಗಾಡಿಯ ಮುಂದೆ ಚೌಕಾಸಿ ಬಿಟ್ಟಿದ್ದೇನೆ. 350 ರೂಪಾಯಿಯ ಟೊಮೆಟೊ ತಿಂದವನಿಗೆ ಆ ಬಾಯಿ ಉಳಿಯುವುದಿಲ್ಲ.